ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಲೆಕ್ಕದ ಪುಸ್ತಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಗೆ ಇನ್ನೊಂದು ಸೇರಿಸಬಹುದು: ಸ್ವಂತ ದುಡ್ಡಿನಲ್ಲಿ ಪುಸ್ತಕ ಹಾಕಿಸಿ ನೋಡು. ಅದರಲ್ಲೂ ಗುಜರಾತಿನಲ್ಲಿ ಕೂತು ಕನ್ನಡ ಪುಸ್ತಕ ಹಾಕಿಸಿ ನೋಡು.

ನಮ್ಮ ಸಾಹಿತ್ಯ ಬಳಗಕ್ಕೆ ಬಂದುಹೋಗುವವರಲ್ಲಿ ಈ ವರ್ಷ ಇಬ್ಬರು ಪುಸ್ತಕ ತರುವ ಮಾತಾಡುತ್ತಿದ್ದಾರೆ. ಒಬ್ಬರು ನಿವೃತ್ತರಾದ ಹಿರಿಯರು, ಪ್ರಾವಿಡೆಂಟ್ ಫಂಡಿನಿಂದ ಒಂದಿಷ್ಟು ತೆಗೆದಿಟ್ಟಿದ್ದಾರೆ. ಇನ್ನೊಬ್ಬ ನಮ್ಮ ಓರಗೆಯವನೇ, ಕವಿ. ಅವನ ತಾಯಿ ಕೈಬಳೆ ಅಡವಿಡಲು ಸಿದ್ಧರಿದ್ದಾರಂತೆ. ಕವಿತೆ ಹೇಗಿದೆ, ಪ್ರವಾಸಕಥನ ಹೇಗಿದೆ ಎಂಬುದನ್ನು ಬಳಗದ ವಿಮರ್ಶಕ ಮಿತ್ರರು ಹೇಳಲಿ. ನಾನು ವಾಣಿಜ್ಯ ವಿದ್ಯಾರ್ಥಿ. ನನ್ನ ತಲೆಗೆ ಬರುವ ಪ್ರಶ್ನೆ ಬೇರೆ. ಈ ಹಣ ಯಾರದು? ಯಾವಾಗ ವಾಪಸು ಬರುತ್ತೆ? ಬರದಿದ್ದರೆ ಮನೆಯಲ್ಲಿ ಏನಾಗುತ್ತೆ?

ಪುಸ್ತಕಕ್ಕೆ ಹಾಕುವ ಹಣ ಹೋಗೋದು ಒಂದೇ ದಿನ, ಬರೋದು ಹನಿ ಹನಿಯಾಗಿ. ಆದ್ದರಿಂದ ಎಷ್ಟು ಪ್ರತಿ ಹಾಕಿಸಬೇಕು ಎಂಬುದನ್ನು ಪ್ರೆಸ್ಸಿನವರ ದರಪಟ್ಟಿ ನೋಡಿ ನಿಶ್ಚಯಿಸಬಾರದು, ಕೊಳ್ಳುವವರ ಹೆಸರಿನ ಪಟ್ಟಿ ನೋಡಿ ನಿಶ್ಚಯಿಸಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೂರು ಊರು, ಮೂರು ಪಾಠ

ನಾವಿರುವ ಈ ಮೂರು ಊರುಗಳೇ ಪುಸ್ತಕದ ವ್ಯವಹಾರಕ್ಕೆ ಒಳ್ಳೆಯ ಪಾಠಶಾಲೆ.

ಸೂರತ್ತಿನ ಕವಿ ನರ್ಮದರ ಹೆಸರು ಕೇಳದವರಿಲ್ಲ. ಅಲ್ಲಿನ ವಿಶ್ವವಿದ್ಯಾಲಯವೇ ಈಗ ಅವರ ಹೆಸರಿನಲ್ಲಿದೆ. 1833ರಲ್ಲಿ ಹುಟ್ಟಿದ ನರ್ಮದರು 1858ರ ನವೆಂಬರಿನಲ್ಲಿ ಮೇಷ್ಟರ ಕೆಲಸ ಬಿಟ್ಟು, ಇನ್ನು ಲೇಖನಿಯಿಂದಲೇ ಬದುಕುತ್ತೇನೆ ಎಂದು ಸಂಕಲ್ಪ ಮಾಡಿದರು. 1864ರಲ್ಲಿ 'ದಾಂಡಿಯೋ' ಪತ್ರಿಕೆ ಹೊರಡಿಸಿದರು. ವರ್ಷಗಟ್ಟಲೆ ದುಡಿದು ಗುಜರಾತಿಯ ದೊಡ್ಡ ನಿಘಂಟು 'ನರ್ಮಕೋಶ'ವನ್ನು ಒಬ್ಬರೇ ಸಿದ್ಧಪಡಿಸಿದರು. ಅದು ಇಡಿಯಾಗಿ ಹೊರಬಂದದ್ದು 1873ರಲ್ಲಿ. ಕೀರ್ತಿ ಬಂತು, ಸಾಲವೂ ಬಂತು. ಕೊನೆಗೆ 1882ರಲ್ಲಿ, ಸಂಕಲ್ಪ ಮಾಡಿ ಇಪ್ಪತ್ತನಾಲ್ಕು ವರ್ಷದ ಮೇಲೆ, ಮುಂಬಯಿಯಲ್ಲಿ ಮತ್ತೆ ನೌಕರಿಗೆ ಸೇರಬೇಕಾಯಿತು. ನಾಲ್ಕು ವರ್ಷದಲ್ಲಿ ತೀರಿಕೊಂಡರು. ಅವರು ಬರೆದದ್ದರಲ್ಲಿ ಕೊರತೆ ಇರಲಿಲ್ಲ. ಬರೆದದ್ದನ್ನು ಕೊಳ್ಳುವ ಜನ ಆ ಕಾಲದಲ್ಲಿ ಸಾಕಷ್ಟು ಇರಲಿಲ್ಲ, ಖರ್ಚು ಮಾತ್ರ ಮುಂಚೆಯೇ ಆಗಿಹೋಗುತ್ತಿತ್ತು. ಭಾಷೆಗೆ ಕೊಟ್ಟ ಕಾಣಿಕೆ ಎಷ್ಟೇ ದೊಡ್ಡದಾಗಿದ್ದರೂ ಪ್ರೆಸ್ಸಿನ ಬಿಲ್ಲು ಅದನ್ನು ಕೇಳೋದಿಲ್ಲ.

ಅಹಮದಾಬಾದಿನ ಪಾಠ ಇದಕ್ಕೆ ವಿರುದ್ಧ. ಭಿಕ್ಷು ಅಖಂಡಾನಂದರು 1910ಕ್ಕೂ ಮುಂಚೆ ಮುಂಬಯಿಯಲ್ಲಿ ಆರಂಭಿಸಿ ಆಮೇಲೆ ಅಹಮದಾಬಾದಿಗೆ ತಂದ 'ಸಸ್ತುಂ ಸಾಹಿತ್ಯ ವರ್ಧಕ ಕಾರ್ಯಾಲಯ'ದ ಹೆಸರೇ ಅದರ ಧ್ಯೇಯ ಹೇಳುತ್ತೆ. 'ಸಸ್ತುಂ' ಎಂದರೆ ಅಗ್ಗದ್ದು. ಗಾಂಧೀಜಿಯವರು 1919ರಲ್ಲಿ ವಹಿಸಿಕೊಂಡ 'ನವಜೀವನ' ಪತ್ರಿಕೆ ಮುಂದೆ ದೊಡ್ಡ ಪ್ರಕಾಶನವಾಯಿತು, 1929ರಲ್ಲಿ ಟ್ರಸ್ಟ್ ಆಯಿತು. ಅವರ ಆತ್ಮಕಥೆ ಪುಸ್ತಕವಾಗುವ ಮುಂಚೆ 1925ರಿಂದ ವಾರ ವಾರ ಪತ್ರಿಕೆಯಲ್ಲಿ ಬಂತು. ಅಂದರೆ ಪುಸ್ತಕ ಕಟ್ಟುವಾಗ ಓದುಗರು ಆಗಲೇ ಕಾದು ಕೂತಿದ್ದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದ ಗಾಂಧಿ ಆತ್ಮಕಥೆಯನ್ನೂ ಇದೇ ನವಜೀವನದವರು ಪ್ರಕಟಿಸಿದ್ದಾರೆ. ಅಹಮದಾಬಾದಿನಿಂದ ಕನ್ನಡ ಪುಸ್ತಕ ಹೊರಟು ಕರ್ನಾಟಕ ಮುಟ್ಟುವುದು ಆಗದ ಮಾತಲ್ಲ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಆದರೆ ಬೆಲೆ ಕಡಿಮೆ ಇಡಬೇಕಾದರೆ ಓದುಗರು ಮೊದಲೇ ಖಾತ್ರಿಯಾಗಿರಬೇಕು. ಸಾವಿರಾರು ಜನ ಕೊಳ್ಳುವ ಪುಸ್ತಕಕ್ಕೆ ಇಡುವ ಬೆಲೆಯನ್ನು ನಮ್ಮ ಮುನ್ನೂರು ಪ್ರತಿಯ ಪುಸ್ತಕಕ್ಕೆ ಇಟ್ಟರೆ ಅದು ತ್ಯಾಗವಾಗುತ್ತೆ, ವ್ಯವಹಾರವಾಗೋಲ್ಲ.

ವಡೋದರಾದ ಪಾಠ ಗ್ರಂಥಾಲಯದ್ದು. ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ತಂದರು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ ಊರೂರಿಗೆ ಗ್ರಂಥಾಲಯ ಏರ್ಪಡಿಸಿದರು. ಹಳ್ಳಿಯವರು ತಮ್ಮ ಪಾಲಿನ ಹಣ ಕೂಡಿಸಿದರೆ ಸರಕಾರ ತನ್ನ ಪಾಲು ಸೇರಿಸುತ್ತಿತ್ತು. ಇದರಲ್ಲಿ ಎರಡು ಮಾತು ಕಲಿಯಬೇಕು. ಗ್ರಂಥಾಲಯವೂ ಒಬ್ಬ ಗಿರಾಕಿ, ಅದೂ ದೊಡ್ಡ ಗಿರಾಕಿ. ಹಾಗೆಯೇ, ಅನುದಾನ ಬರುವುದು ನಮ್ಮ ಪಾಲು ಹಾಕಿದ ಮೇಲೆ. ಅನುದಾನ ನಂಬಿ ನಮ್ಮ ಪಾಲು ಸಾಲ ಮಾಡೋದಲ್ಲ.

ಸಾವಿರದ ಆಸೆ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ಪ್ರೆಸ್ಸಿನವರ ದರ ಹಾಕಿಕೊಂಡು ನೀವೇ ಮತ್ತೆ ಗುಣಿಸಿ ನೋಡಿ.

ಡೆಮಿ ಅಷ್ಟಮದ 160 ಪುಟದ ಪುಸ್ತಕ ಎನ್ನಿ. 16 ಪುಟದ ಒಂದು ಫಾರಂ. ಹತ್ತು ಫಾರಂ ಸರಿಯಾಗುತ್ತೆ. (ಪುಟ 163 ಆದರೆ ಮೂರು ಪುಟಕ್ಕೋಸ್ಕರ ಇನ್ನೊಂದು ತುಂಡು ಫಾರಂ ಬೇಕು. ಒಳಪುಟಗಳಲ್ಲಿ ಆ ಮೂರು ಪುಟ ಕಡಿಮೆ ಮಾಡಿದರೆ ಆ ಖರ್ಚು ಉಳಿಯುತ್ತೆ.) ಡಿ.ಟಿ.ಪಿ., ಕರಡು ತಿದ್ದುವಿಕೆ, ಮುಖಪುಟದ ವಿನ್ಯಾಸ ಸೇರಿ 9,000 ರೂಪಾಯಿ. ಇದು ಒಂದು ಪ್ರತಿ ಹಾಕಿದರೂ ಅಷ್ಟೇ, ಸಾವಿರ ಹಾಕಿದರೂ ಅಷ್ಟೇ. ನಮ್ಮ ಪಠ್ಯದಲ್ಲಿ ಇದಕ್ಕೆ ಸ್ಥಿರ ವೆಚ್ಚ ಅಂತಾರೆ. 500 ಪ್ರತಿಗೆ ಕಾಗದ, ಮುದ್ರಣ, ಬೈಂಡಿಂಗ್ 36,000. ಸಾಗಣೆ, ಪ್ಯಾಕಿಂಗು, ಇತರೆ 5,000. ಒಟ್ಟು 50,000. ಪ್ರತಿಯೊಂದಕ್ಕೆ ಬಿದ್ದದ್ದು 100 ರೂಪಾಯಿ. ಮುಖಬೆಲೆ 200 ಇಟ್ಟೆವು. ನೂರಕ್ಕೆ ನೂರು ಲಾಭ ಎಂದು ಮೊದಲ ನೋಟಕ್ಕೆ ಅನ್ನಿಸುತ್ತೆ.

ನಿಜ ನೋಡಿ. ಅಂಗಡಿಯವರ ರಿಯಾಯಿತಿ ಊರಿಂದೂರಿಗೆ ಬೇರೆ. ನೂರಕ್ಕೆ 40 ಎಂದು ಹಿಡಿಯೋಣ. ನಮ್ಮ ಕೈಗೆ ಬರೋದು 120. ಗೌರವ ಪ್ರತಿ, ವಿಮರ್ಶೆಗೆ ಕಳಿಸಿದ್ದು, ಮುನ್ನುಡಿ ಬರೆದವರಿಗೆ, ಬಂಧುಬಳಗಕ್ಕೆ ಅಂತ 75 ಹೋಯಿತು. ಉಳಿದ 425 ಪ್ರತಿಯೂ ಮಾರಾಟವಾದರೆ 51,000. ಲಾಭ ಒಂದು ಸಾವಿರ! ಹಾಕಿದ ಹಣ ಪೂರ್ತಿ ವಾಪಸಾಗಬೇಕಾದರೆ 417 ಪ್ರತಿ ಮಾರಲೇಬೇಕು. ಅದೂ ಹಣ ನಮ್ಮದೇ ಆಗಿದ್ದರೆ. ಬಳೆ ಅಡವಿಟ್ಟು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ತಂದಿದ್ದರೆ ವರ್ಷಕ್ಕೆ ಬಡ್ಡಿಯೇ 6,000. ಅಂದರೆ ವರ್ಷಕ್ಕೆ 50 ಪ್ರತಿ ಬರೀ ಬಡ್ಡಿ ಕಟ್ಟೋಕೆ ಮಾರಬೇಕು.

ಇಷ್ಟು ಹೇಳುವಾಗ ಪ್ರೆಸ್ಸಿನವರು ಒಂದು ಮಾತು ಎತ್ತುತ್ತಾರೆ: "ಐದುನೂರು ಯಾಕೆ ಸ್ವಾಮಿ, ಸಾವಿರ ಹಾಕಿಸಿ, ಅಗ್ಗ ಬೀಳುತ್ತೆ." ಅವರು ಸುಳ್ಳು ಹೇಳೋದಿಲ್ಲ. ಸಾವಿರಕ್ಕೆ ಸ್ಥಿರ ವೆಚ್ಚ ಅದೇ 9,000, ಮುದ್ರಣ 62,000, ಸಾಗಣೆ ಇತ್ಯಾದಿ 9,000, ಒಟ್ಟು 80,000 ಎಂದು ಇಟ್ಟುಕೊಳ್ಳಿ. ಪ್ರತಿಗೆ 80 ರೂಪಾಯಿ. ಇಪ್ಪತ್ತು ರೂಪಾಯಿ ಉಳಿಯಿತು ಎಂದು ಸಂತೋಷ. ಆದರೆ ಮಾರಾಟವಾದದ್ದು 400 ಎನ್ನಿ. ಎರಡೂ ಕಡೆ ಬರುವ ಹಣ 48,000. ಐದುನೂರು ಹಾಕಿಸಿದವನಿಗೆ ನಷ್ಟ 2,000. ಮನೆಯಲ್ಲಿ ಉಳಿದದ್ದು 25 ಪ್ರತಿ. ಸಾವಿರ ಹಾಕಿಸಿದವನಿಗೆ ನಷ್ಟ 32,000. ಉಳಿದದ್ದು 525 ಪ್ರತಿ. ಅಗ್ಗ ಅಂತ ಹಾಕಿಸಿದ್ದೇ ತುಟ್ಟಿಯಾಯಿತು. ವಡೋದರಾದಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರ ಮನೆಯಲ್ಲಿ ಇಂಥ ಗಂಟುಗಳು ಮಂಚದ ಕೆಳಗೆ ಇವೆ. ಮಳೆಗಾಲದಲ್ಲಿ ಅವನ್ನು ಹೊರತೆಗೆದು ಗೆದ್ದಲು ಕೊಡವುವುದು ಅಮ್ಮನವರ ಕೆಲಸ. ಪುಸ್ತಕ ಒಳ್ಳೆಯದೇ, ಓದಿದವರೆಲ್ಲ ಮೆಚ್ಚಿದ್ದಾರೆ.

ಈಗ ಇನ್ನೊಂದು ಅನುಕೂಲ ಬಂದಿದೆ. ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯನ್ನೂ ಹಾಕಿಸಬಹುದು. ಪ್ರತಿಗೆ 110 ಬೀಳುತ್ತದೆಂದರೆ ನೂರಕ್ಕೆ 11,000, ಸ್ಥಿರ ವೆಚ್ಚ 9,000 ಸೇರಿ 20,000. ಅಂಗಡಿಗೆ ಕೊಡದೆ ಕೈಯಿಂದ ಕೈಗೆ ಪೂರ್ತಿ ಬೆಲೆಗೆ ಮಾರಿದರೆ 90 ಪ್ರತಿಗೆ 18,000 ಬಂತು, ಹತ್ತು ಗೌರವ ಪ್ರತಿಗೆ ಹೋಯಿತು. ಮೊದಲ ನೂರರಲ್ಲಿ ಎರಡು ಸಾವಿರ ಕೈಬಿಟ್ಟಿತು ನಿಜ. ಆದರೆ ಬೇಡಿಕೆ ಬಂದರೆ ಎರಡನೇ ನೂರಕ್ಕೆ 11,000 ಮಾತ್ರ ಸಾಕು. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಮೊದಲ ಪುಸ್ತಕದವರಿಗೆ ನಾನು ಸೂಚಿಸೋದು ಇದನ್ನೇ.

ಮೊದಲು ಹೆಸರು, ಆಮೇಲೆ ಅಚ್ಚು

ಕೊಳ್ಳುವವರ ಪಟ್ಟಿ ಮಾಡೋದು ಹೇಗೆ? ಇದು ಹೊಸ ಉಪಾಯವೇನಲ್ಲ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದು ಚಂದಾದಾರರನ್ನು ನಂಬಿ. ಚಂದಾ ಕೊಟ್ಟವರ ಮನೆಗೆ ಪುಸ್ತಕ ಹೋಗುತ್ತಿತ್ತು. ಅದಕ್ಕೂ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಳಗನಾಥರ ಹಾದಿ ಪೂಜ್ಯವಾದದ್ದು, ಆದರೆ ಬೆನ್ನು ನೋಯುವ ಹಾದಿ. ಜೋಶಿಯವರದ್ದು ಲೆಕ್ಕದ ಹಾದಿ. ಓದುಗ ಮೊದಲು, ಪುಸ್ತಕ ಆಮೇಲೆ.

ನಮ್ಮ ಮೂರು ಊರಿನ ಸ್ಥಿತಿಗೆ ಇದನ್ನು ಹೊಂದಿಸಿಕೊಳ್ಳಬೇಕು. ಇಲ್ಲಿ ಕನ್ನಡಿಗರು ಒಂದೇ ಓಣಿಯಲ್ಲಿ ಇಲ್ಲ. ಬ್ಯಾಂಕಿನವರು, ಹೋಟೆಲಿನವರು, ತೈಲ ಮತ್ತು ರಸಾಯನ ಕಾರ್ಖಾನೆಗಳವರು, ಓದಲು ಬಂದ ನಮ್ಮಂಥವರು ಚದುರಿ ಹೋಗಿದ್ದಾರೆ. ಮಂಗಳೂರಿನ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ವಡೋದರಾದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು, ಹೀಗಾಗಿ ಈ ನಂಟು ಇನ್ನೂ ಹತ್ತಿರವಾಗಿದೆ. ಆದರೆ ಇವರೆಲ್ಲ ಒಟ್ಟಿಗೆ ಸಿಗೋದು ವರ್ಷದಲ್ಲಿ ಎರಡು ಮೂರು ಸಲ: ಯುಗಾದಿ, ಗಣಪತಿ ಹಬ್ಬ, ನವೆಂಬರ್ ತಿಂಗಳ ರಾಜ್ಯೋತ್ಸವ. ಪುಸ್ತಕದ ದಿನಾಂಕವನ್ನು ಪ್ರೆಸ್ಸಿನ ಅನುಕೂಲಕ್ಕೆ ಇಡಬೇಡಿ, ಈ ಸಭೆಗಳ ದಿನಕ್ಕೆ ಇಡಿ. ಯುಗಾದಿಯ ದಿನ ಒಂದು ನೋಟ್‌ಬುಕ್ಕು ಹಿಡಿದು ಹೆಸರು ಬರೆಸಿಕೊಳ್ಳಿ, ರಾಜ್ಯೋತ್ಸವದ ದಿನ ಪುಸ್ತಕ ಕೈಗೆ ಕೊಡಿ. ಅಂಚೆ ಖರ್ಚೂ ಇಲ್ಲ, ಅಂಗಡಿ ಕಮಿಷನ್ನೂ ಇಲ್ಲ.

ಮುಂಗಡ ಕೊಟ್ಟವರಿಗೆ 200ರ ಪುಸ್ತಕ 150ಕ್ಕೆ ಎನ್ನಿ. 150 ಜನ ಕೊಟ್ಟರೆ 22,500 ರೂಪಾಯಿ. ಆ 50,000ದ ಪುಸ್ತಕದಲ್ಲಿ ನಮ್ಮ ಸ್ವಂತ ಹಣ ಸಿಕ್ಕಿಬೀಳುವುದು 27,500 ಮಾತ್ರ. ಅದನ್ನು ಅಂಗಡಿಗಳ ಮೂಲಕ ಹಿಂದಕ್ಕೆ ಪಡೆಯಲು 230 ಪ್ರತಿ ಮಾರಿದರೆ ಸಾಕು. ಮುಂಗಡದ 150 ಸೇರಿಸಿದರೆ 380 ಆಯಿತು. ಮೊದಲಿನ 417ಕ್ಕೆ ಹೋಲಿಸಿ ನೋಡಿ. 150 ಜನ ಹೆಸರು ಕೊಡದಿದ್ದರೆ? ಆಗಲೂ ಒಂದು ಉಪಕಾರವಾಯಿತು. ಐದುನೂರು ಹಾಕಿಸಬಾರದು ಎಂದು ಖರ್ಚಿಲ್ಲದೆ ತಿಳಿಯಿತು.

ಒಂದು ಎಚ್ಚರಿಕೆ. ಮುಂಗಡದ ಹಣ ನಮ್ಮದಲ್ಲ. ಪುಸ್ತಕ ಕೈಗೆ ಕೊಡುವವರೆಗೆ ಅದು ಓದುಗರ ಠೇವಣಿ. ಬ್ಯಾಂಕಿನಲ್ಲಿ ಬೇರೆ ಖಾತೆಯಲ್ಲಿಡಿ, ರಸೀತಿ ಕೊಡಿ, ಯಾವ ತಿಂಗಳು ಕೊಡುತ್ತೀರಿ ಎಂದು ರಸೀತಿಯಲ್ಲೇ ಬರೆಯಿರಿ. ಆಗದಿದ್ದರೆ ಕೇಳುವ ಮುಂಚೆ ವಾಪಸು ಮಾಡಿ. ಸಂಘದ ಸಣ್ಣ ಸಮಾಜದಲ್ಲಿ ಒಂದು ಸಲ ಹೆಸರು ಕೆಟ್ಟರೆ ಮುಂದಿನ ಲೇಖಕನಿಗೂ ಯಾರೂ ಮುಂಗಡ ಕೊಡೋದಿಲ್ಲ.

ಎಲ್ಲಿ ಅಚ್ಚು ಹಾಕಿಸಬೇಕು?

ಅಹಮದಾಬಾದಿನಲ್ಲಿ ಒಳ್ಳೆಯ ಪ್ರೆಸ್ಸುಗಳಿಗೆ ಬರವಿಲ್ಲ. ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆಯ ಬಳಿ ಪುಸ್ತಕ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಈ ಊರಿನ ಪುಸ್ತಕ ವ್ಯಾಪಾರ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಆದರೆ ಅಲ್ಲಿ ಕನ್ನಡ ಓದುವವರು ಸಿಗೋದು ಕಷ್ಟ. ಇತ್ತ ಗದಗ, ಹುಬ್ಬಳ್ಳಿ, ಬೆಂಗಳೂರಿನಲ್ಲಿ ಹಾಕಿಸಿದರೆ ಕನ್ನಡ ಬಲ್ಲವರ ಕಣ್ಣು ಬೀಳುತ್ತೆ, ಪುಸ್ತಕ ಮಾರುಕಟ್ಟೆಯ ಹತ್ತಿರವೇ ಹುಟ್ಟುತ್ತೆ. ನಿಮ್ಮ ಪಟ್ಟಿಯಲ್ಲಿ ಹೆಚ್ಚು ಹೆಸರು ಯಾವ ಕಡೆಯವೋ ಆ ಕಡೆ ಹಾಕಿಸಿ. ಬೆಂಗಳೂರಿನಲ್ಲಿ ಮಾರಬೇಕಾದ ಮುನ್ನೂರು ಪ್ರತಿಯನ್ನು ಇಲ್ಲಿ ಅಚ್ಚು ಹಾಕಿಸಿ ಸುಮಾರು ಸಾವಿರದ ಐನೂರು ಕಿಲೋಮೀಟರ್ ಸಾಗಿಸೋದು ಬುದ್ಧಿವಂತಿಕೆಯಲ್ಲ.

ಇಲ್ಲೇ ಹಾಕಿಸುವುದಾದರೆ ಮೂರು ಮಾತು ನೆನಪಿಡಿ. ಒಂದು, ಅಕ್ಷರಗಳು ಒಳಗೇ ಸೇರಿರುವ ಪಿ.ಡಿ.ಎಫ್. ಕೊಡಿ; ಇಲ್ಲದಿದ್ದರೆ ಅವರ ಗಣಕದಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತೆ. ಎರಡು, ಪುಟಸಂಖ್ಯೆಯನ್ನು 1, 2, 3 ಎಂದೇ ಹಾಕಿ. ಕನ್ನಡ ಅಂಕಿ ಚೆಂದ ಕಾಣುತ್ತೆ ನಿಜ, ಆದರೆ ಬೈಂಡಿಂಗ್ ಹುಡುಗನಿಗೆ ಅದು ಓದಲು ಬಾರದು, ಫಾರಂ ಹಿಂದುಮುಂದಾದರೆ ಕೇಳುವವರಿಲ್ಲ. ಮೂರು, ಪೂರ್ತಿ ಅಚ್ಚಿಗೆ ಹೋಗುವ ಮುನ್ನ ಒಂದು ಪ್ರತಿ ಕಟ್ಟಿಸಿ ತಂದು ಮೊದಲಿಂದ ಕೊನೆಯವರೆಗೆ ತಿರುವಿ ನೋಡಿ, ಸಹಿ ಹಾಕಿ ಕೊಡಿ.

ದರ ಕೇಳುವಾಗ ಜಿ.ಎಸ್.ಟಿ. ಸೇರಿಸಿಯೋ ಹೊರತೋ ಎಂದು ಕೇಳಲು ಮರೀಬೇಡಿ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ಕೇಳಲು ಹಿತವಾಗಿದೆ, ಆದರೆ ಇದರ ಇನ್ನೊಂದು ಮುಖವೂ ಇದೆ. ಮಾರಾಟಕ್ಕೆ ತೆರಿಗೆ ಇಲ್ಲದಿದ್ದರೆ ಕಾಗದಕ್ಕೂ ಮುದ್ರಣಕ್ಕೂ ನಾವು ಕೊಟ್ಟ ತೆರಿಗೆ ಹಿಂದಕ್ಕೆ ಸಿಗೋದಿಲ್ಲ. ಬೇರೆ ವ್ಯಾಪಾರಿ ಅದನ್ನು ಕಳೆದುಕೊಳ್ಳುತ್ತಾನೆ. ನಮಗೆ ಅದು ಖರ್ಚಿನಲ್ಲೇ ಸೇರುತ್ತೆ.

ಮಾರಾಟ, ಅಂಚೆ, ಉದ್ದರಿ

ಸೂರತ್ತಿನ ಬಟ್ಟೆ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರನ್ನು ಕೇಳಿ ನೋಡಿ. ಮಾಲು ಉದ್ದರಿ ಹೋಗುತ್ತೆ, ತಿಂಗಳುಗಟ್ಟಲೆ ಹಣ ಬರೋಲ್ಲ, ಒಮ್ಮೊಮ್ಮೆ ಹಣದ ಬದಲು ಮಾಲೇ ವಾಪಸು ಬರುತ್ತೆ. ಪುಸ್ತಕದಂಗಡಿಯ ರೀತಿಯೂ ಇದೇ. ಮಾರಾಟವಾದ ಮೇಲೆ ಹಣ, ಆಗದಿದ್ದರೆ ಪುಸ್ತಕ ವಾಪಸು. ಆದರೆ ಬಟ್ಟೆ ವ್ಯಾಪಾರಿ ಪ್ರತಿ ಚಲನ್ ಬರೆದಿಟ್ಟುಕೊಳ್ಳುತ್ತಾನೆ, ದಿನ ಬಂದಾಗ ಫೋನು ಮಾಡುತ್ತಾನೆ. ನಮ್ಮ ಲೇಖಕರು ಸಂಕೋಚಪಡುತ್ತಾರೆ. ಪುಸ್ತಕದ ಹಣ ಕೇಳುವುದರಲ್ಲಿ ಸರಸ್ವತಿಗೆ ಅವಮಾನವೇನಿಲ್ಲ. ಹತ್ತು ಅಂಗಡಿಗೆ ಇಪ್ಪತ್ತಿಪ್ಪತ್ತು ಕೊಟ್ಟು ಮರೆಯುವುದಕ್ಕಿಂತ ಮೂರು ಅಂಗಡಿಗೆ ಹತ್ತು ಹತ್ತು ಕೊಟ್ಟು, ಸಹಿ ಪಡೆದು, ಮೂರು ತಿಂಗಳಿಗೊಮ್ಮೆ ವಿಚಾರಿಸುವುದು ಮೇಲು.

ದೂರದ ಓದುಗರಿಗೆ ಅಂಚೆಯೇ ಗತಿ. ಬಹುಕಾಲ ನಮಗೆ ಆಸರೆಯಾಗಿದ್ದ ಅಗ್ಗದ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಗಿ ಸಣ್ಣ ಪ್ರಕಾಶಕರು ಪರದಾಡಿದರು. ಆಮೇಲೆ 2025ರ ಮೇ 1ರಿಂದ ಅಂಚೆ ಇಲಾಖೆ 'ಜ್ಞಾನ ಪೋಸ್ಟ್' ಆರಂಭಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ ಗರಿಷ್ಠ 100 ರೂಪಾಯಿ, ತೆರಿಗೆ ಬೇರೆ. ಎಲ್ಲಿಗೆ ಮುಟ್ಟಿತು ಎಂದು ಪತ್ತೆಹಚ್ಚುವ ಅನುಕೂಲವೂ ಉಂಟು. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಇದನ್ನು ಬರೆಯುವಾಗಲೇ ಗಮನಿಸಬೇಕು, ಯಾಕೆಂದರೆ 160 ಪುಟದ ಡೆಮಿ ಪುಸ್ತಕ 70 ಜಿ.ಎಸ್.ಎಂ. ಕಾಗದದಲ್ಲಿ ಸುಮಾರು 200 ಗ್ರಾಂ ತೂಗುತ್ತೆ. ಮೊದಲ ದರದಲ್ಲೇ ಹೋಗುತ್ತೆ. 260 ಪುಟವಾದರೆ ಕವರು ಸೇರಿ 300 ದಾಟುತ್ತೆ. ದಪ್ಪ ಪುಸ್ತಕ ಪ್ರತಿ ಸಲ ಅಂಚೆಯಲ್ಲೂ ದಂಡ ಕೊಡುತ್ತೆ.

ಇನ್ನು ಗ್ರಂಥಾಲಯ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆ ಮಾಡಿ ಕೊಳ್ಳುತ್ತೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುವ ಯೋಜನೆ ನಡೆಸುತ್ತಾ ಬಂದಿದೆ. ಅರ್ಜಿ ಹಾಕಿ, ನಿಯಮ ಸರಿಯಾಗಿ ಓದಿ. ಆದರೆ ಆ ಹಣವನ್ನು ಬಜೆಟ್ಟಿನ ಆದಾಯದ ಕಡೆ ಬರೆಯಬೇಡಿ. ಬಂದರೆ ಮಾವಿನಹಣ್ಣು, ಬಾರದಿದ್ದರೆ ಗಿಡ ಒಣಗಬಾರದು.

ಕಾಗದಪತ್ರ

ಲೇಖಕರು ಅಸಡ್ಡೆ ಮಾಡುವ ಭಾಗ ಇದು. ಐ.ಎಸ್.ಬಿ.ಎನ್. ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತೆ. ಲೇಖಕರೇ ಅರ್ಜಿ ಹಾಕಬಹುದು. ಇದಕ್ಕೆ ಯಾರಾದರೂ ಸಾವಿರ ಎರಡು ಸಾವಿರ ಕೇಳಿದರೆ ಅದು ಅವರ ಓಡಾಟದ ಕೂಲಿ, ಸಂಖ್ಯೆಯ ಬೆಲೆಯಲ್ಲ. 1954ರ ಪುಸ್ತಕ ಸಲ್ಲಿಕೆ ಕಾನೂನಿನ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು. ನಾಲ್ಕು ಪ್ರತಿ ಹೋಯಿತು ಎಂದು ಕೊರಗಬೇಡಿ; ನಮ್ಮ ಮಂಚದ ಕೆಳಗಿನ ಪ್ರತಿಗಿಂತ ಅವು ಹೆಚ್ಚು ಕಾಲ ಬಾಳುತ್ತವೆ.

ಹಕ್ಕಿನ ಮಾತು ಎಲ್ಲಕ್ಕಿಂತ ಮುಖ್ಯ. 1957ರ ಕೃತಿಸ್ವಾಮ್ಯ ಕಾನೂನಿನಂತೆ ಬರೆದವನಿಗೆ ಹಕ್ಕು ತಾನಾಗಿಯೇ ಬರುತ್ತೆ, ನೋಂದಣಿ ಕಡ್ಡಾಯವಲ್ಲ. ಅದು ಲೇಖಕನ ಆಯುಷ್ಯ ಮತ್ತು ಆಮೇಲೆ 60 ವರ್ಷ ಇರುತ್ತೆ. ಗಾಂಧೀಜಿಯವರ ಬರಹದ ಹಕ್ಕು ನವಜೀವನದವರಲ್ಲಿತ್ತು. 1948ರಲ್ಲಿ ಗಾಂಧೀಜಿ ತೀರಿಕೊಂಡರು, 2008ರ ಕೊನೆಗೆ ಹಕ್ಕು ಮುಗಿಯಿತು, 2009ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆದರೆ ಮಾತ್ರ ಸಿಂಧು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಐದು ವರ್ಷ ಎಂದು ತಿಳಿಯುತ್ತೆ. ಈಗ ಕೆಲವು ಕಡೆ ಹಣವೂ ಲೇಖಕನದೇ, ಹೆಸರು ಮಾತ್ರ ಪ್ರಕಾಶಕರದು ಎಂಬ ವ್ಯವಸ್ಥೆ ನಡೆಯುತ್ತಿದೆ. ಅಂಥ ಕಡೆ ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಪ್ರತಿ ಅಚ್ಚಾಗುತ್ತೆ, ಅವು ಯಾರ ಬಳಿ ಇರುತ್ತವೆ, ಮಾರಾಟದ ಲೆಕ್ಕ ಯಾವಾಗ ಕೊಡುತ್ತೀರಿ, ಎರಡನೇ ಮುದ್ರಣದ ಹಕ್ಕು ಯಾರದು? ಹಣ ಕೊಟ್ಟವನೇ ಹಕ್ಕನ್ನೂ ಬಿಟ್ಟುಕೊಡುವುದು, ಎತ್ತು ಕೊಟ್ಟು ನೊಗವನ್ನೂ ಕೊಟ್ಟಂತೆ.

ಚೋಪಡಾ

ಗುಜರಾತಿನವರಿಂದ ನಾವು ಕಲಿಯಬೇಕಾದ ಒಂದು ಒಳ್ಳೆಯ ಪದ್ಧತಿ ಚೋಪಡಾ ಪೂಜೆ. ದೀಪಾವಳಿಗೆ ಲೆಕ್ಕದ ಪುಸ್ತಕಕ್ಕೇ ಪೂಜೆ! ನಾವು ಆಯುಧಪೂಜೆಗೆ ಪುಸ್ತಕ ಪೂಜಿಸುತ್ತೇವೆ, ಆದರೆ ಲೆಕ್ಕ ಬರೆಯುವುದಿಲ್ಲ. ಪುಸ್ತಕ ತರುವವರು ಹತ್ತು ರೂಪಾಯಿಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಹಾಕಿಕೊಳ್ಳಲಿ: ಅಚ್ಚಾದದ್ದು, ನಗದಿಗೆ ಮಾರಿದ್ದು, ಉದ್ದರಿ ಕೊಟ್ಟದ್ದು, ಪುಕ್ಕಟೆ ಕೊಟ್ಟದ್ದು. ಐದನೆಯದು ಮನೆಯಲ್ಲಿ ಉಳಿದದ್ದು. ತಿಂಗಳಿಗೊಮ್ಮೆ ಎಣಿಸಿದರೆ ಉಳಿದ ನಾಲ್ಕು ಸರಿ ಇವೆಯೋ ಇಲ್ಲವೋ ತಿಳಿಯುತ್ತೆ. ಪುಕ್ಕಟೆ ಕಲಂ ನಗದಿನ ಕಲಮಿಗಿಂತ ಉದ್ದವಾದರೆ ನಿಮ್ಮ ಗೆಳೆಯರು ಬಹಳ, ಓದುಗರು ಕಡಿಮೆ ಎಂದರ್ಥ.

ಬಳಗಕ್ಕೆ ಒಂದು ಸೂಚನೆ

ಕೇರಳದ ಕೋಟ್ಟಯಂನಲ್ಲಿ 1945ರಲ್ಲಿ ಲೇಖಕರೇ ಸೇರಿ ಸಹಕಾರ ಸಂಘ ಮಾಡಿಕೊಂಡು ತಮ್ಮ ಪುಸ್ತಕ ತಾವೇ ಪ್ರಕಟಿಸಿದರು. ಬರೆದವರಿಗೆ ನೂರಕ್ಕೆ 30ರಷ್ಟು ಗೌರವಧನ ಕೊಟ್ಟ ಸಂಸ್ಥೆ ಅದು. ನಾವು ಅಷ್ಟು ದೊಡ್ಡವರಲ್ಲ. ಆದರೂ ಒಂದು ಸಣ್ಣ ಕೆಲಸ ಮಾಡಬಹುದು. ಮೂರೂ ಊರಿನ ಕನ್ನಡ ಓದುಗರ ಒಂದೇ ಪಟ್ಟಿ ನಮ್ಮ ಬಳಗದಲ್ಲಿರಲಿ, ಯಾರು ಪುಸ್ತಕ ತಂದರೂ ಅದೇ ಪಟ್ಟಿಯವರ ಬಳಿ ಮುಂಗಡ ಕೇಳಲಿ. ಕರಡು ತಿದ್ದುವ ಕೆಲಸವನ್ನು ಕನ್ನಡ ಚೆನ್ನಾಗಿ ಬಲ್ಲ ಮಿತ್ರರು ಹಂಚಿಕೊಳ್ಳಲಿ. ಲೆಕ್ಕ ಬರೆಯುವ ಕೆಲಸ ನನಗಿರಲಿ.

ನಾನು ಬರೆದದ್ದನ್ನು ಓದಿ ಪುಸ್ತಕವೇ ಬೇಡ ಎಂದು ಯಾರೂ ತಿಳಿಯಬಾರದು. ಹಿರಿಯರ ಪ್ರವಾಸಕಥನವೂ ಬರಬೇಕು, ಗೆಳೆಯನ ಕವಿತೆಯೂ ಬರಬೇಕು. ಹಿರಿಯರಿಗೆ ನನ್ನ ಸಲಹೆ: ಫಂಡಿನ ಹಣ ಮುಟ್ಟುವ ಮುಂಚೆ ಯುಗಾದಿಯ ಸಭೆಯಲ್ಲಿ ಹೆಸರು ಬರೆಸಿ. ಕವಿಮಿತ್ರನಿಗೆ: ಮೊದಲು ನೂರೇ ಪ್ರತಿ. ಆ ನೂರು ಕೈಯಿಂದ ಕೈಗೆ ಹೋಗಲಿ, ಎರಡನೇ ನೂರನ್ನು ಓದುಗರೇ ಹಾಕಿಸುತ್ತಾರೆ. ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರಲಿ.